9 ಎಂಎಂ ಪಿಸ್ತೂಲಿನ ತೋಟಾ ಮನೆಯಲ್ಲೇ ತುಂಬೋಕೆ ಯಾವ ಪೌಡರ್ ತಗೊಳ್ಳಲಿ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ನೀವು ಮಂಡ್ಯದವರು, ಈಗ ಟೆಕ್ಸಾಸ್‌ನಲ್ಲಿದ್ದೀರಿ. ಗ್ರೀನ್ ಕಾರ್ಡ್ ಬಂದ ಮೇಲೆ 9 ಎಂಎಂ ಪಿಸ್ತೂಲ್ ತಗೊಂಡಿರಿ. ವಾರ ವಾರ ಶೂಟಿಂಗ್ ರೇಂಜಿಗೆ ಹೋಗಿ ತೋಟಾ ಕೊಂಡು ಕೈ ಸುಟ್ಟುಕೊಂಡಿದ್ದೀರಿ. ಹೊಡೆದ ಮೇಲೆ ಉಳಿಯುವ ಹಿತ್ತಾಳೆ ಕೊಳವೆ, ಅಂದರೆ ಖಾಲಿ ಕೇಸ್‌ಗಳನ್ನೇ ಮತ್ತೆ ತುಂಬೋಣ ಅಂತ ಅಂಗಡಿಗೆ ಹೋದರೆ ಗೋಡೆ ತುಂಬ ಪೌಡರ್ ಡಬ್ಬಿಗಳು. ಯಾವುದನ್ನು ಎತ್ತಿಕೊಳ್ಳೋದು ಗೊತ್ತಾಗಲಿಲ್ಲ.

ನಾನು ಮೈಸೂರಿನವನು. ಹನ್ನೊಂದು ವರ್ಷ ಅರಿಜೋನಾದಲ್ಲಿದ್ದೆ. ಅದರಲ್ಲಿ ಆರು ವರ್ಷ ಗ್ಯಾರೇಜಿನ ಮೂಲೆಯಲ್ಲಿ ಕೂತು ತೋಟಾ ತುಂಬಿದ್ದೇನೆ. ಮೊದಲು ಉತ್ತರ ಹೇಳಿಬಿಡುತ್ತೇನೆ: ಎಚ್‌ಪಿ-38 ಒಂದು ಪೌಂಡ್ ಡಬ್ಬಿ ತಗೊಳ್ಳಿ. ಅದು ಇಲ್ಲದಿದ್ದರೆ ವಿಂಚೆಸ್ಟರ್ 231. ಎರಡೂ ಒಂದೇ ಪೌಡರ್, ಡಬ್ಬಿಯ ಮೇಲಿನ ಹೆಸರು ಮಾತ್ರ ಬೇರೆ. ಯಾವುದು ಎರಡು ಡಾಲರ್ ಕಮ್ಮಿಯೋ ಅದನ್ನೇ ಎತ್ತಿಕೊಳ್ಳಿ.

ಇನ್ನು ಯಾಕೆ ಅಂತ. ನಮ್ಮ ತಾಯಿಯ ಊರು ಪಾಂಡವಪುರದ ಹತ್ತಿರ. ಮಾವನ ಆಲೆಮನೆ ಇತ್ತು. ಒಲೆಗೆ ಕಬ್ಬಿನ ತರಗು ಹಾಕಿದರೆ ಭಗ್ ಅಂತ ಹತ್ತಿ ಅರೆಕ್ಷಣದಲ್ಲಿ ಬೂದಿ. ಹುಣಸೆ ಕೊರಡು ಹಾಕಿದರೆ ನಿಧಾನಕ್ಕೆ ಹಿಡಿದು ಬಹಳ ಹೊತ್ತು ಉರಿಯುತ್ತದೆ. ಪೌಡರ್‌ಗಳಲ್ಲೂ ಇದೇ ಭೇದ. ಬುಲ್ಸ್‌ಐ, ಟೈಟ್‌ಗ್ರೂಪ್ ಇವೆಲ್ಲ ತರಗಿನ ಜಾತಿ. ಎಚ್110 ಕೊರಡಿನ ಜಾತಿ. ಪಿಸ್ತೂಲಿನ ನಳಿಕೆ ಇರೋದೇ ನಾಲ್ಕು ಇಂಚು ಚಿಲ್ಲರೆ. ಗುಂಡು ಅದನ್ನು ದಾಟುವಷ್ಟರಲ್ಲಿ ಪೌಡರ್ ಉರಿದು ಮುಗಿದಿರಬೇಕು. ಎಚ್110 ಮ್ಯಾಗ್ನಂ ರಿವಾಲ್ವರ್‌ಗಳಿಗೆ ಸರಿ, ನಿಮ್ಮ 9 ಎಂಎಂಗೆ ಅಲ್ಲ. ರೈಫಲ್ ಪೌಡರ್ ಕಡೆ ತಿರುಗಿಯೂ ನೋಡಬೇಡಿ.

ಹಾಗಾದರೆ ಬೇಗ ಉರಿಯೋದೇ ಒಳ್ಳೆಯದಲ್ವಾ? ಎಲ್ಲರೂ ಮೊದಲು ಅಲ್ಲಿಗೇ ಹೋಗುತ್ತಾರೆ. ನಾನೂ ಹೋದೆ. ಬೇಗ ಉರಿಯುವ ಪೌಡರ್ ಸ್ವಲ್ಪ ಸಾಕು. ಒಂದು ಪೌಂಡ್ ಅಂದರೆ 7000 ಗ್ರೇನ್. ತೋಟಾಕ್ಕೆ 5 ಗ್ರೇನ್ ಅಂದುಕೊಂಡರೆ 1400 ತೋಟಾ, 4 ಗ್ರೇನ್ ಅಂದುಕೊಂಡರೆ 1750. (ಇದು ಬರೀ ಲೆಕ್ಕಕ್ಕೆ. ಈ ಅಂಕಿ ನೋಡಿ ಯಾರೂ ತುಂಬಬೇಡಿ.) ನಾಲ್ಕು ಗ್ರೇನ್ ಅಂದರೆ ನಮ್ಮ ಅಕ್ಕಸಾಲಿಗರ ತಕ್ಕಡಿಯಲ್ಲಿ ಸುಮಾರು ಎರಡು ಗುಲಗಂಜಿ ತೂಕ. ಉಳಿತಾಯ ಏನೋ ಚೆನ್ನಾಗಿದೆ. ತೊಂದರೆ ಇರೋದೂ ಅಲ್ಲೇ. ಅಷ್ಟು ಕಮ್ಮಿ ಪುಡಿ ಕೇಸಿನ ತಳದಲ್ಲಿ ಎಲ್ಲೋ ಕೂತಿರುತ್ತದೆ. ಕೈ ತಪ್ಪಿ ಎರಡು ಸಲ ಸುರಿದರೂ ಕೇಸು ತುಂಬಿ ಚೆಲ್ಲುವುದಿಲ್ಲ. ಗುಂಡು ಆರಾಮಾಗಿ ಮೇಲೆ ಕೂರುತ್ತದೆ. ಹೊರಗಿನಿಂದ ನೋಡಿದರೆ ಅಚ್ಚುಕಟ್ಟಾದ ತೋಟಾ.

ನನಗೆ ಆದದ್ದು ಹೇಳುತ್ತೇನೆ. ಶುರು ಮಾಡಿ ನಾಲ್ಕು ತಿಂಗಳಾಗಿತ್ತು. ಭಾನುವಾರ ಬೆಳಿಗ್ಗೆ, ಅಂದರೆ ಮೈಸೂರಲ್ಲಿ ರಾತ್ರಿ. ಮರದ ಹಲಗೆಯ ತೂತುಗಳಲ್ಲಿ ಐವತ್ತು ಕೇಸ್ ನಿಲ್ಲಿಸಿಕೊಂಡು ಪೌಡರ್ ಸುರಿಯುತ್ತಿದ್ದೆ. ಅಮ್ಮನ ಫೋನ್ ಬಂತು. ತಂಗಿ ಮದುವೆಗೆ ಛತ್ರ ಸಿಗುತ್ತಿಲ್ಲ ಅನ್ನುವ ವಿಷಯ. ಇಪ್ಪತ್ತು ನಿಮಿಷ ಮಾತಾಡಿ ಬಂದು, ಬಿಟ್ಟ ಕಡೆಯಿಂದ ಮುಂದುವರಿಸಿದೆ ಅಂದುಕೊಂಡೆ. ಗುಂಡು ಕೂರಿಸಿ, ಡಬ್ಬಿಗೆ ತುಂಬಿ, ಸ್ನಾನಕ್ಕೆ ಹೋದೆ. ತಲೆಗೆ ನೀರು ಹುಯ್ಯುವಾಗ ಅನುಮಾನ ಬಂತು. ಆ ಸಾಲಿನ ಕೊನೆಯ ಕೇಸಿಗೆ ಫೋನಿಗೆ ಮುಂಚೆ ಸುರಿದಿದ್ದೆನಾ, ಇಲ್ವಾ?

ಐವತ್ತನ್ನೂ ತೂಕ ಹಾಕಿದೆ. ಏನೂ ಗೊತ್ತಾಗಲಿಲ್ಲ. ಯಾಕಂದರೆ ರೇಂಜಿನಲ್ಲಿ ಆರಿಸಿ ತಂದ ಹಿತ್ತಾಳೆ ಕೇಸ್‌ಗಳು ಬೇರೆ ಬೇರೆ ಕಂಪನಿಯವು. ಅವುಗಳ ತೂಕದಲ್ಲೇ ನಾಲ್ಕೈದು ಗ್ರೇನ್ ಏರುಪೇರು. ಒಂದು ಸಲ ಜಾಸ್ತಿ ಸುರಿದ ಪುಡಿ ಅದರೊಳಗೆ ಕಳೆದೇಹೋಗುತ್ತದೆ. ಕೊನೆಗೆ ಸುತ್ತಿಗೆಯಂಥ ಪ್ಲಾಸ್ಟಿಕ್ ಪುಲ್ಲರ್ ತಗೊಂಡು ನೆಲಕ್ಕೆ ಟಪ್ ಟಪ್ ಅಂತ ಕುಟ್ಟಿ ಒಂದೊಂದೇ ತೋಟಾ ಬಿಚ್ಚುತ್ತಾ ಹೋದೆ. ಮೂವತ್ತೆಂಟನೆಯದರಲ್ಲಿ ಸಿಕ್ಕಿತು. ಸರಿಯಾಗಿ ಎರಡರಷ್ಟು. 9 ಎಂಎಂ ತೋಟಾದ ಗರಿಷ್ಠ ಒತ್ತಡವೇ ಚದರ ಇಂಚಿಗೆ 35,000 ಪೌಂಡ್. ಇದು ಅದನ್ನು ಎಲ್ಲಿಗೆ ಒಯ್ಯುತ್ತಿತ್ತೋ. ಆ ಪುಟ್ಟ ಪುಡಿಗುಪ್ಪೆಯನ್ನು ತಟ್ಟೆಯಲ್ಲಿ ಹಾಕಿಕೊಂಡು ಸುಮಾರು ಹೊತ್ತು ಸುಮ್ನೆ ನೋಡುತ್ತಾ ಕೂತಿದ್ದೆ.

ಅದಕ್ಕೇ ನಾನು ಹೇಳೋದು, ತಪ್ಪಾದರೆ ಕಣ್ಣಿಗೆ ಕಾಣಿಸುವ ಪೌಡರ್ ಆರಿಸಿ. ಎಚ್‌ಪಿ-38 ಅನ್ನು 9 ಎಂಎಂ ಕೇಸಿಗೆ ಎರಡು ಸಲ ಸುರಿದರೆ ಹೆಚ್ಚುಕಮ್ಮಿ ಬಾಯಿಮಟ್ಟಕ್ಕೆ ಬರುತ್ತದೆ. ಕಣ್ಣಿಗೆ ಹೊಡೆದು ಕಾಣುತ್ತದೆ. ಯುನೀಕ್ ಇನ್ನೂ ಉಬ್ಬಿದ ಪೌಡರ್, ಎರಡು ಸಲ ಸುರಿದರೆ ಚೆಲ್ಲಿಯೇ ಹೋಗುತ್ತದೆ. ಆದರೂ ಹೊಸಬರಿಗೆ ಯುನೀಕ್ ಬೇಡ ಅನ್ನುತ್ತೇನೆ. ಅದರ ಚಕ್ಕೆಗಳು ದೊಡ್ಡವು, ಅವಲಕ್ಕಿ ಹಾಗೆ. ಅಳತೆ ಯಂತ್ರದ ಬಾಯಲ್ಲಿ ಸಿಕ್ಕಿಕೊಂಡು ಒಂದು ಸಲ ಜಾಸ್ತಿ, ಒಂದು ಸಲ ಕಮ್ಮಿ ಬೀಳುತ್ತದೆ. ಎಚ್‌ಪಿ-38 ಸಣ್ಣ ಕಾಳಿನದು, ರಾಗಿ ಸುರಿದಂತೆ ಸಲೀಸಾಗಿ ಇಳಿಯುತ್ತದೆ. ಸಿಎಫ್‌ಇ ಪಿಸ್ಟಲ್ ಕೂಡ ಹಾಗೇ ಇಳಿಯುತ್ತದೆ, ಎರಡನೇ ಡಬ್ಬಿಗೆ ಅದನ್ನು ನೋಡಿ. ಮುಂದೆ ಯಾವತ್ತಾದರೂ .38 ಸ್ಪೆಷಲ್ ಅನ್ನುವ ರಿವಾಲ್ವರ್ ತೋಟಾ ತುಂಬಲು ಹೊರಟರೆ ಈ ಭರವಸೆ ನಡೆಯುವುದಿಲ್ಲ. ಆ ಕೇಸು ಉದ್ದ, ಅದರಲ್ಲಿ ಯುನೀಕ್ ಕೂಡ ಎರಡು ಸಲ ಹಿಡಿಯುತ್ತದೆ.

ಎಂಥ ಪೌಡರ್ ಆದರೂ, ಗುಂಡು ಕೂರಿಸುವ ಮುಂಚೆ ಟಾರ್ಚ್ ಬಿಟ್ಟು ಐವತ್ತೂ ಕೇಸಿನೊಳಗೆ ಇಣುಕಿ. ಇಡ್ಲಿ ತಟ್ಟೆಗೆ ಹಿಟ್ಟು ಹುಯ್ದ ಹಾಗೆ ಎಲ್ಲ ಒಂದೇ ಮಟ್ಟ ಇರಬೇಕು. ಖಾಲಿ ಉಳಿದದ್ದೂ ಅಷ್ಟೇ ಅಪಾಯ. ಬರೀ ಪ್ರೈಮರ್ (ಪೌಡರ್‌ಗೆ ಕಿಡಿ ಹತ್ತಿಸುವ, ಕೇಸಿನ ತಳದ ಪುಟ್ಟ ಬಟ್ಟಲು) ಬಲಕ್ಕೆ ಗುಂಡು ನಳಿಕೆಯ ಅರ್ಧಕ್ಕೆ ಹೋಗಿ ನಿಲ್ಲುತ್ತದೆ. ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಕೆ ಊದಿಕೊಳ್ಳುತ್ತದೆ ಅಥವಾ ಒಡೆಯುತ್ತದೆ. ಸದ್ದು ಟುಸ್ ಅಂತ ಬಂದರೆ ಅಲ್ಲೇ ನಿಲ್ಲಿಸಿ. ಫೋನನ್ನು ಒಳಗೆ ಬಿಟ್ಟು ಬನ್ನಿ, ಅಮ್ಮನ ಫೋನ್ ಆದರೂ ಸರಿ.

ಎಷ್ಟು ತುಂಬಬೇಕು ಅಂತ ನನ್ನನ್ನು ಕೇಳಬೇಡಿ, ಹೇಳುವುದೂ ಇಲ್ಲ. ಪೌಡರ್ ಅಳತೆಗಳ ಪಟ್ಟಿ ಇರುವ ಲೈಮನ್ ಅಥವಾ ಹಾರ್ನಡಿ ಪುಸ್ತಕ ಒಂದನ್ನು ಪೌಡರ್‌ಗಿಂತ ಮೊದಲು ಕೊಳ್ಳಿ. ನಿಮ್ಮ ಗುಂಡು ಎಷ್ಟು ಗ್ರೇನ್, ಯಾವ ಜಾತಿ ಅಂತ ನೋಡಿ, ಅದೇ ಸಾಲಿನ ಆರಂಭದ ಅಳತೆಯಿಂದ ಶುರು ಮಾಡಿ. ತೋಟಾದ ಒಟ್ಟು ಉದ್ದವೂ ಪುಸ್ತಕದಲ್ಲಿದ್ದಂತೆಯೇ ಇರಲಿ. 9 ಎಂಎಂ ಕೇಸು ಬಹಳ ಪುಟ್ಟದು. ಗುಂಡನ್ನು ಕೂದಲೆಳೆಯಷ್ಟು ಒಳಗೆ ಒತ್ತಿದರೂ ಒಳಗಿನ ಜಾಗ ಕುಗ್ಗಿ ಒತ್ತಡ ಏರುತ್ತದೆ.

ಹೊಗೆ, ವಾಸನೆ, ಮಿಂಚು ಇವುಗಳ ಬಗ್ಗೆ ಜನ ಗಂಟೆಗಟ್ಟಲೆ ವಾದ ಮಾಡುತ್ತಾರೆ. ಮೊದಲ ವರ್ಷ ಅದು ನಿಮಗೆ ಬೇಡ.

ನೀವು ಪ್ರಶ್ನೆಯಲ್ಲಿ ‘ದಸರಾ ಫಿರಂಗಿಗೆ ಹಾಕುವಂಥ ಮದ್ದೇನಾ’ ಅಂತಲೂ ಕೇಳಿದ್ದೀರಿ. ಅಲ್ಲ. ಜಂಬೂಸವಾರಿ ದಿನ ಕುಶಾಲತೋಪಿನಲ್ಲಿ ಏಳು ಫಿರಂಗಿಗಳಿಂದ 21 ಸುತ್ತು ಹಾರಿಸುತ್ತಾರಲ್ಲ, ಅದು ಕರಿಮದ್ದು. ಪೆಟ್ಲುಪ್ಪು, ಗಂಧಕ, ಇದ್ದಿಲು. ಹೊಗೆ ದಟ್ಟ, ಮಸಿ ಜಾಸ್ತಿ. ಅದಕ್ಕೇ ಪ್ರತಿ ಸುತ್ತಿಗೂ ಒದ್ದೆ ಬಟ್ಟೆಯ ಕೋಲಿನಿಂದ ನಳಿಕೆ ಒರೆಸೋದು, ಕಿಡಿ ಉಳಿದಿರಬಾರದು ಅಂತ. ನಿಮ್ಮ ಅಂಗಡಿಯ ಡಬ್ಬಿಗಳಲ್ಲಿರೋದು ನೈಟ್ರೋಸೆಲ್ಯುಲೋಸ್‌ನಿಂದ ಮಾಡಿದ ಹೊಗೆಯಿಲ್ಲದ ಪೌಡರ್. ಒಂದರ ಜಾಗದಲ್ಲಿ ಇನ್ನೊಂದನ್ನು ಎಂದೂ ಹಾಕಬಾರದು.

ಇಡೋದು ಎಲ್ಲಿ? ಶ್ರೀರಂಗಪಟ್ಟಣ ರೈಲ್ವೆ ಸ್ಟೇಷನ್ ಹತ್ತಿರ ಟಿಪ್ಪು ಕಾಲದ ಮದ್ದಿನ ಮನೆ ನೋಡಿರುತ್ತೀರಿ, 2017ರಲ್ಲಿ ಜೋಡಿ ಹಳಿಗೆ ಅಡ್ಡ ಬಂತು ಅಂತ ಇಡೀ ಕಟ್ಟಡವನ್ನೇ ಪಕ್ಕಕ್ಕೆ ಸರಿಸಿದರಲ್ಲ, ಅದು. ಅಷ್ಟು ದಪ್ಪ ಗೋಡೆ ನೋಡಿ ನೀವೂ ಗಟ್ಟಿ ಕಬ್ಬಿಣದ ಪೆಟ್ಟಿಗೆ ಹುಡುಕಬೇಡಿ. ಹೊಗೆಯಿಲ್ಲದ ಪೌಡರ್ ಬಯಲಲ್ಲಿ ಬರೀ ಜೋರಾಗಿ ಉರಿಯುತ್ತದೆ. ಬಿಗಿಯಾಗಿ ಮುಚ್ಚಿದ ಕಬ್ಬಿಣದೊಳಗೆ ಅದೇ ಬಾಂಬ್ ಆಗುತ್ತದೆ. ಕೊಂಡ ಡಬ್ಬಿಯಲ್ಲೇ, ತಂಪಾದ ಒಣ ಜಾಗದಲ್ಲಿ, ಮಕ್ಕಳ ಕೈಗೆ ಸಿಗದ ಮರದ ಬೀರುವಿನಲ್ಲಿ ಇಡಿ. ತುಂಬುವಾಗ ಮೇಜಿನ ಮೇಲೆ ಒಂದೇ ಡಬ್ಬಿ ಇರಲಿ. ಮುಚ್ಚಳ ತೆಗೆದಾಗ ಹುಳಿ ವಾಸನೆ ಬಂದರೆ ಅಥವಾ ಇಟ್ಟಿಗೆ ಬಣ್ಣದ ಧೂಳು ಕಂಡರೆ ಅದು ಕೆಟ್ಟಿದೆ, ಬಳಸಬೇಡಿ.

ಕೊನೆಗೆ ನೀವು ಕೇಳದ ಒಂದು ವಿಷಯ. ರಜೆಗೆ ಬರುವಾಗ ‘ಅಣ್ಣನಿಗೂ ಸ್ವಲ್ಪ’ ಅಂತ ಪೌಡರ್ ಬ್ಯಾಗಿಗೆ ಹಾಕಿಕೊಳ್ಳಬೇಡಿ. ಕೈಚೀಲವಾಗಲಿ, ಚೆಕ್-ಇನ್ ಆಗಲಿ, ವಿಮಾನದಲ್ಲಿ ಅದಕ್ಕೆ ಜಾಗವಿಲ್ಲ. ಇಲ್ಲಿ ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವುದು ಅಪರಾಧ. ಗುಂಡು ಕೂರಿಸುವ ನನ್ನ ಪ್ರೆಸ್ಸು, ತಕ್ಕಡಿ ಎಲ್ಲ ಅರಿಜೋನಾದಲ್ಲೇ ಗೆಳೆಯನಿಗೆ ಕೊಟ್ಟು ಬಂದೆ. ಈಗ ಮೈಸೂರಲ್ಲಿ ಹತ್ತು ಮೀಟರ್ ಏರ್ ಪಿಸ್ತೂಲ್ ಹೊಡೆಯುತ್ತೇನೆ. ಅರ್ಧ ಗ್ರಾಂ ತೂಕದ ಸೀಸದ ಪೆಲೆಟ್, ಪೌಡರ್ ಗೋಜೇ ಇಲ್ಲ. ನಿಮ್ಮ ಗುಂಡಿನ ತೂಕ ಮತ್ತು ಯಾವ ಪ್ರೆಸ್ ತಗೊಂಡಿರಿ ಅಂತ ಬರೆಯಿರಿ, ಅಳತೆ ಯಂತ್ರ ಹೊಂದಿಸುವುದು ಹೇಗೆ ಅಂತ ಹೇಳುತ್ತೇನೆ.