ಸಿಂಗಪುರದ ಟಿಕೆಟ್‌ನಲ್ಲಿ ಕಾಣುವ ಏಳು ಗಂಟೆ

ಚಿಕ್ಕಬಳ್ಳಾಪುರದಿಂದ ಹೊರಡುವ ನಿಮ್ಮ ತಂದೆತಾಯಿಯ ಟಿಕೆಟ್‌ನಲ್ಲಿ ರಾತ್ರಿ 11ಕ್ಕೆ ಬೆಂಗಳೂರು ಬಿಟ್ಟು ಬೆಳಿಗ್ಗೆ 6ಕ್ಕೆ ಸಿಂಗಪುರ ತಲುಪುವುದಾಗಿ ಇದೆ; ಏಳು ಗಂಟೆ ಏಕೆ, ವಿಮಾನ ನಡುವೆ ಎಲ್ಲೋ ನಿಲ್ಲುತ್ತದೆಯೇ ಎಂದು ನೀವು ಕೇಳಿದ್ದೀರಿ. ಇದಕ್ಕೆ ಕಾರಣ ಬಹುಮಟ್ಟಿಗೆ ಎರಡು ದೇಶಗಳ ಸಮಯದ ವ್ಯತ್ಯಾಸವೇ ಹೊರತು, ನೀವು ಶಂಕಿಸಿದಂತೆ ವಿಮಾನ ನಡುವೆ ನಿಲ್ಲುತ್ತದೆಂದಲ್ಲ. ಟಿಕೆಟ್‌ನಲ್ಲಿ ಆಯಾ ಊರಿನ ಸ್ಥಳೀಯ ಸಮಯವನ್ನೇ ಮುದ್ರಿಸುತ್ತಾರೆ. ಸಿಂಗಪುರದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದಿದೆ. ಏಳರಿಂದ ಅದನ್ನು ಕಳೆದರೆ ಉಳಿಯುವ ನಾಲ್ಕೂವರೆ ಗಂಟೆಯೇ ನಿಜವಾದ ಪ್ರಯಾಣ. ನೇರ ದೂರ ಸುಮಾರು 3,200 ಕಿ.ಮೀ. ಇರುವುದರಿಂದ, ರನ್‌ವೇವರೆಗೆ ಸಾಗುವ, ಮೇಲೇರುವ ಮತ್ತು ಇಳಿಯುವ ಸಮಯವೂ ಸೇರಿ ಈ ಲೆಕ್ಕ ಸರಿಹೊಂದುತ್ತದೆ; ಗಾಳಿಯಿಂದಾಗಿ ಸ್ವಲ್ಪ ಹೆಚ್ಚುಕಡಿಮೆಯಾಗಬಹುದು. ಆದರೂ ಟಿಕೆಟ್‌ನಲ್ಲಿ ‘ನಾನ್‌ಸ್ಟಾಪ್’ ಎಂದಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ. ಬರೀ ‘ಡೈರೆಕ್ಟ್’ ಎಂದಿದ್ದರೆ ನಡುವೆ ಇಳಿಯುವ ಸಾಧ್ಯತೆ ಇರುತ್ತದೆ.

ಅನಂತರ ಚಿಕ್ಕಬಳ್ಳಾಪುರದಿಂದ ಹೊರಡುವ ಹೊತ್ತನ್ನು ನಿಶ್ಚಯಿಸಿ. ವಿಮಾನ ಹೊರಡುವ ಸಮಯಕ್ಕಿಂತ ಮೂರು ಗಂಟೆ ಮೊದಲು, ಅಂದರೆ ರಾತ್ರಿ 8ಕ್ಕೆ, ಅವರು ಬೆಂಗಳೂರು ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್‌ನಲ್ಲಿರಬೇಕು. ದೇವನಹಳ್ಳಿಯ ಮೇಲೆ ಹೋಗುವುದರಿಂದ ಬೆಂಗಳೂರು ನಗರದ ದಟ್ಟಣೆ ಎದುರಾಗುವುದಿಲ್ಲ. ಆದರೆ ಹಿರಿಯರು, ಸಾಮಾನು ಎರಡೂ ಇರುವಾಗ ಆರೂವರೆಗೇ ಹೊರಡುವುದು ಒಳ್ಳೆಯದು. ಮರಳುವ ಟಿಕೆಟ್‌ನಲ್ಲಿ ಎರಡೇ ಗಂಟೆ ಕಂಡರೆ, ಅದಕ್ಕೆ ಎರಡೂವರೆ ಗಂಟೆ ಕೂಡಿಸಿಕೊಳ್ಳಿ.