ಹೀಟರ್ ಆಫ್ ಇದ್ದರೂ ಎಂಜಿಬಿಯಲ್ಲಿ ಕಾಲು ಸುಡುತ್ತಿದೆಯಾ?

ಹೀಟರ್ ಆಫ್ ಮಾಡಿದ್ದರೂ ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲಿ ನಿಮ್ಮ 1972ರ ಎಂಜಿಬಿ ಸ್ಪೋರ್ಟ್ಸ್ ಕಾರಿನಲ್ಲಿ ಕಾಲು ಬೇಯುತ್ತದೆ, ಟೆಂಪರೇಚರ್ ಮುಳ್ಳು ಮಾತ್ರ ಸರಿಯಾಗಿದೆ ಅಂದಿರಿ. ಹಾಗಾದರೆ ಸುಮ್ನೆ ರೇಡಿಯೇಟರ್ ಬಿಚ್ಚಿಸಬೇಡಿ.

ಸಿಲಿಂಡರ್ ಹೆಡ್‌ನ (ಇಂಜಿನ್‌ನ ಮೇಲ್ಭಾಗ) ಹಿಂದಿನ ತುದಿಯಲ್ಲಿರುವ, ಇಂಜಿನ್‌ನ ಬಿಸಿ ನೀರನ್ನು ಹೀಟರ್‌ಗೆ ಬಿಡುವ ಹೀಟರ್ ವಾಲ್ವ್ ಮೇಲೆ ನನಗೆ ಅನುಮಾನ. ಯಾರಿಗಾದರೂ ಹೀಟರ್ ನಾಬ್ ಆಫ್ ಕಡೆಗೆ ತಿರುಗಿಸಲು ಹೇಳಿ, ವಾಲ್ವ್‌ನ ಲಿವರ್ ಪೂರ್ತಿ ಮುಚ್ಚುತ್ತದಾ ನೋಡಿ. ನನ್ನ ಗಾಡಿಯಲ್ಲಿ ಕೇಬಲ್ ಜಾರಿ ಅರ್ಧಕ್ಕೇ ನಿಲ್ಲುತ್ತಿತ್ತು. ಎರಡು ಬೇಸಿಗೆ ಸುಮ್ಮನೆ ಬೆವರಿದೆ! ಪೂರ್ತಿ ಮುಚ್ಚಿದರೂ ಅಲ್ಲಿಂದ ಹೀಟರ್‌ಗೆ ಹೋಗುವ ಹೋಸ್ ಕೈ ಇಡಲಾಗದಷ್ಟು ಬಿಸಿಯಾದರೆ ವಾಲ್ವ್ ಒಳಗೇ ಸೋರುತ್ತಿದೆ. ಬದಲಾಯಿಸಿ. ಇಲ್ಲವೇ ನೀರು ಹೀಟರ್‌ಗೆ ಹೋಗದಂತೆ ಬೈಪಾಸ್ ಮಾಡಿಸಿ, ನಮ್ಮ ಬೆಂಗಳೂರಲ್ಲಿ ಹೀಟರ್ ಯಾರಿಗೆ ಬೇಕು ಅಲ್ವಾ? ಹೋಸ್ ಬಿಚ್ಚುವುದು ಮಾತ್ರ ಇಂಜಿನ್ ತಣ್ಣಗಾದ ಮೇಲೆ.

ಪಕ್ಕದ ಸೀಟಿನವರಿಗೇ ಜಾಸ್ತಿ ಬಿಸಿ ಅಂದರೆ ಕಥೆ ಬೇರೆ. ಬಿಸಿ ಹೊಗೆ ಹೋಗುವ ಎಕ್ಸಾಸ್ಟ್ ಇರುವುದು ಎಡಕ್ಕೆ, ಅವರ ಕಡೆಗೇ. ರಾತ್ರಿ ಬಾನೆಟ್ ಒಳಗೆ ಟಾರ್ಚ್ ಹೊತ್ತಿಸಿಟ್ಟು ಡ್ಯಾಶ್‌ಬೋರ್ಡ್ ಕೆಳಗೆ ಇಣುಕಿ. ಬೆಳಕು ಕಂಡಲ್ಲೆಲ್ಲ ಬಿಸಿ ಗಾಳಿ ನುಗ್ಗುತ್ತದೆ. ವೈರ್ ತೂತುಗಳ ಸಂದು ಮುಚ್ಚುವ ರಬ್ಬರ್ ಗ್ರಾಮೆಟ್ (ಬಳೆ) ಜೆಸಿ ರಸ್ತೆಯಲ್ಲಿ ಹುಡುಕಿ. ಗೇರ್ ಲಿವರ್ ಬುಡದ ರಬ್ಬರ್ ಹರಿದಿದೆಯಾ, ಅದನ್ನೂ ನೋಡಿಬಿಡಿ.