ಎಸ್ ಹಂತ ಮುಗಿದ ಮೇಲೂ ಕ್ರೋಮೋಸೋಮ್ 46 ಯಾಕೆ?

ನೀವು ಬಹುಶಃ ಕ್ರೊಮ್ಯಾಟಿಡ್‌ಗಳನ್ನೇ, ಅಂದರೆ ನಕಲಾದ ಕ್ರೋಮೋಸೋಮ್‌ನ ಎರಡು ಪ್ರತಿಗಳನ್ನೇ, ಬೇರೆ ಬೇರೆ ಕ್ರೋಮೋಸೋಮ್ ಅಂತ ಎಣಿಸುತ್ತಿದ್ದೀರಿ. ‘ಎಸ್ ಹಂತದಲ್ಲಿ (ವಿಭಜನೆಗೆ ಮುಂಚೆ ಡಿಎನ್‌ಎ ನಕಲಾಗುವ ಹಂತ) ಮನುಷ್ಯನ ಕೋಶದ ಡಿಎನ್‌ಎ ದುಪ್ಪಟ್ಟಾದರೆ ಕ್ರೋಮೋಸೋಮ್ 92 ಆಗಬೇಕಲ್ವಾ, ಪುಸ್ತಕದಲ್ಲಿ 46 ಅಂತ ಯಾಕಿದೆ’ ಎಂಬ ನಿಮ್ಮ ಗೊಂದಲ ಸಾಮಾನ್ಯವಾಗಿ ಅಲ್ಲಿಂದಲೇ ಶುರುವಾಗುತ್ತದೆ.

ಮೊದಲು ಸೆಂಟ್ರೋಮಿಯರ್ ಎಣಿಸಿ, ಅಂದರೆ ಎರಡು ಕ್ರೊಮ್ಯಾಟಿಡ್‌ಗಳು ಕೂಡಿಕೊಂಡಿರುವ ಜಾಗ. ಅವು ಎಷ್ಟಿವೆಯೋ ಕ್ರೋಮೋಸೋಮ್ ಅಷ್ಟೇ. ಎಸ್ ಹಂತದಲ್ಲಿ ಡಿಎನ್‌ಎಯ ಎರಡು ಎಳೆಗಳು ಬಿಡಿಸಿಕೊಳ್ಳುತ್ತವೆ, ಪ್ರತಿ ಹಳೆ ಎಳೆಗೂ ಜೊತೆಯಾಗಿ ಒಂದು ಹೊಸ ಎಳೆ ತಯಾರಾಗುತ್ತದೆ. ಹೀಗೆ ಬಂದ ಎರಡು ಪ್ರತಿಗಳು ತಕ್ಷಣ ದೂರವಾಗುವುದಿಲ್ಲ. ಕೊಹೆಸಿನ್ ಎಂಬ ಪ್ರೋಟೀನ್ ಅವನ್ನು ಒಟ್ಟಿಗೆ ಹಿಡಿದಿರುತ್ತದೆ. ಅದಕ್ಕೇ ಕ್ರೊಮ್ಯಾಟಿಡ್ 92 ಇದ್ದರೂ ಕ್ರೋಮೋಸೋಮ್ 46.

ಆಮೇಲೆ ಡಿಎನ್‌ಎ ಪ್ರಮಾಣವನ್ನು ಬೇರೆ ಕಾಲಂನಲ್ಲಿ ಬರೆಯಿರಿ. ಇದನ್ನು ಸುಮ್ನೆ ತಲೆಯಲ್ಲೇ ಲೆಕ್ಕ ಹಾಕಲು ಹೋದರೆ ಮತ್ತೆ ಕಲಸಿಹೋಗುತ್ತದೆ. ಸಿ ಅಂದರೆ ಒಂದು ವೀರ್ಯಾಣು ಅಥವಾ ಅಂಡಾಣುವಿನಲ್ಲಿರುವಷ್ಟು ಡಿಎನ್‌ಎ. ಎಸ್‌ಗೆ ಮುಂಚಿನ ಹಂತವಾದ ಜಿ1ರಲ್ಲಿ 2ಸಿ, ಎಸ್ ಆದ ಮೇಲಿನ ಜಿ2ರಲ್ಲಿ 4ಸಿ. ಕ್ರೊಮ್ಯಾಟಿಡ್‌ಗಳು ಬೇರೆಯಾಗುವ ಹಂತವಾದ ಅನಾಫೇಸ್‌ನಲ್ಲಿ ಕೊಹೆಸಿನ್ ತುಂಡಾದಾಗ ಆ ಕೋಶದಲ್ಲಿ ಕ್ರೋಮೋಸೋಮ್ 92 ಆಗುತ್ತದೆ, ಅದೂ ಸ್ವಲ್ಪ ಹೊತ್ತು. ಕೋಶ ಎರಡಾದ ಮೇಲೆ ಒಂದೊಂದರಲ್ಲೂ 46, ಡಿಎನ್‌ಎ 2ಸಿ.

ನಿಮ್ಮ ಪ್ರಶ್ನೆ ಮೈಟೋಸಿಸ್‌, ಅಂದರೆ ದೇಹದ ಸಾಮಾನ್ಯ ಕೋಶಗಳ ವಿಭಜನೆ, ಬಗ್ಗೆ ಎಂದುಕೊಂಡು ಇಷ್ಟು ಹೇಳಿದೆ. ವೀರ್ಯಾಣು, ಅಂಡಾಣು ತಯಾರಾಗುವ ಮಿಯೋಸಿಸ್ ಆಗಿದ್ದರೆ ಲೆಕ್ಕ ಬೇರೆ. ಅಲ್ಲಿ ಮೊದಲ ವಿಭಜನೆಯಲ್ಲಿ ಜೋಡಿ ಕ್ರೋಮೋಸೋಮ್‌ಗಳು ಬೇರೆಯಾಗುತ್ತವೆ, ಕ್ರೊಮ್ಯಾಟಿಡ್‌ಗಳಲ್ಲ. ಹಾಗಾಗಿ ಪ್ರತಿ ಕೋಶದಲ್ಲಿ ಕ್ರೋಮೋಸೋಮ್ 23, ಡಿಎನ್‌ಎ ಮಾತ್ರ ಇನ್ನೂ 2ಸಿ. ಎರಡನೇ ವಿಭಜನೆ ಮುಗಿದಾಗಲೇ ಅದು 1ಸಿ ಆಗುವುದು.